ಪೆಟ್ಟಿಗೆ ತಳದ ಮೂರು ಗೆರೆ

"ಇನ್ನೊಂದ್ಸಲ ತೋರಿಸಿ" ಎಂದರು ಸರ್ವೇಯರಮ್ಮ.

ಅಂಗಡಿ ಯಜಮಾನನ ಅಳಿಯ ಇನ್ನೊಂದು ಸಲ ತೋರಿಸಿದ. ಕಂಪ್ಯೂಟರನ್ನು ಅವರ ಕಡೆ ತಿರುಗಿಸುವಾಗ ಅವನ ಮುಖದಲ್ಲಿ, ಮುದುಕಿಯನ್ನು ಕೈಹಿಡಿದು ರಸ್ತೆ ದಾಟಿಸುವವನ ಕರುಣೆ ತುಂಬಿ ತುಳುಕುತ್ತಿತ್ತು. ಆ ಕರುಣೆ ಕಂಡೇ ಸರ್ವೇಯರಮ್ಮನಿಗೆ ಮೈ ಉರಿಯಿತು. ವಿಮೆ ಕಂಪನಿಯ ಪರವಾಗಿ ಸುಟ್ಟ ಅಂಗಡಿ, ನೀರು ನುಗ್ಗಿದ ಮಳಿಗೆಗಳನ್ನು ನೋಡಿ ನೋಡಿಯೇ ತಲೆ ನೆರೆಸಿಕೊಂಡ ಹೆಂಗಸು ಅವರು. ತಾವೇ ಬೆಂಕಿ ಇಟ್ಟು ತಾವೇ ಎದೆ ಬಡಿದುಕೊಳ್ಳುವ ಮಾಲೀಕರನ್ನು ಬೇಕಾದಷ್ಟು ಕಂಡಿದ್ದರು. ಈಗ ಆ ಕೆಲಸ ಬಿಟ್ಟು ಖಾಸಗಿಯಾಗಿ ಪತ್ತೇದಾರಿಕೆಗೆ ಇಳಿದಿದ್ದರೂ ಹಳೇ ಹೆಸರೇ ಅಂಟಿಕೊಂಡಿತ್ತು.

ಕಾಣೆಯಾಗಿದ್ದದ್ದು ಡ್ರಿಲ್ ಮೆಷೀನುಗಳು. ಕದ್ದವನೆಂದು ಮನೆಮಂದಿಯೆಲ್ಲ ಬೆರಳು ತೋರಿಸುತ್ತಿದ್ದದ್ದು ಯಜಮಾನನ ಹೆಂಡತಿಯ ತಮ್ಮನ ಕಡೆಗೆ. ಇವತ್ತು ಊಟದ ನಂತರ ಬ್ಯಾಂಕಿನವರು ಬಂದು ಮಾಲು ಎಣಿಸಬೇಕು, ಎಣಿಸಿದ ಕೂಡಲೇ ಅವನ ಮೇಲೆ ಪೊಲೀಸರಿಗೆ ದೂರು ಹೋಗಬೇಕು. ದೂರಿನ ಕಾಗದ ಆಗಲೇ ಯಜಮಾನನ ಜೇಬಿನಲ್ಲಿ ಮಡಚಿಕೊಂಡು ಕೂತಿತ್ತು.

ಅವರೆಲ್ಲ ಕೂತಿದ್ದದ್ದು ಹಳೇ ಮಿಲ್ಲಿನ ಗೋಡೌನಿನ ಮೂಲೆಯಲ್ಲಿ, ಗಾಜಿನ ಕ್ಯಾಬಿನ್ನಿನೊಳಗೆ. ಗಾಜಿನಾಚೆ ಛಾವಣಿಯವರೆಗೆ ಪೆಟ್ಟಿಗೆಗಳ ಸಾಲು. ತೂಕದ ಯಂತ್ರದ ಪಕ್ಕ ಒಂದು ಸ್ಟೂಲಿನ ಮೇಲೆ ಆ ತಮ್ಮ ಕೂತಿದ್ದ. ಈ ಗೋಡೌನನ್ನು ನೋಡಿಕೊಳ್ಳುತ್ತಿದ್ದವನು ಅವನೇ. ಎರಡು ದಿನದಿಂದ ಸರ್ವೇಯರಮ್ಮ ಏನು ಕೇಳಿದರೂ ನೆಲ ನೋಡುತ್ತಿದ್ದ. ಕದ್ದಿಲ್ಲ ಎಂದೂ ಹೇಳಲಿಲ್ಲ, ಕದ್ದೆ ಎಂದೂ ಹೇಳಲಿಲ್ಲ. ಗುಮ್ಮನಗುಸಕ ಎಂದುಕೊಂಡರು ಸರ್ವೇಯರಮ್ಮ. ತನ್ನನ್ನು ಉಳಿಸಲು ಬಂದವರಿಗೂ ಬಾಯಿಬಿಡದ ಇಂಥ ಪೆದ್ದನನ್ನು ಉಳಿಸುವುದಾದರೂ ಯಾಕೆ ಎಂದು ಒಂದೆರಡು ಸಲ ಅನ್ನಿಸಿಯೂ ಇತ್ತು.

"ಇದು ಚಿಕ್ಕ ವ್ಯಾಪಾರದವರಿಗೆ ಅಂತಾನೇ ಮಾಡಿರೋ ಅಕೌಂಟಿಂಗ್ ಸಾಫ್ಟ್‌ವೇರ್ ಮೇಡಂ" ಎಂದು ಅಳಿಯ ಮತ್ತೆ ಶುರುಮಾಡಿದ. ಮೂರು ಗೋಡೌನೂ ಒಂದೇ ಸ್ಕ್ರೀನಿನಲ್ಲಿ. ಯಾವ ಮಾಲು ಎಲ್ಲಿ ಎಷ್ಟಿದೆ, ಎಲ್ಲಿಂದ ಎಲ್ಲಿಗೆ ಹೋಯಿತು, ಯಾವುದು ಮುಗಿಯುತ್ತ ಬಂತು, ಎಲ್ಲಾ ಬೆರಳ ತುದಿಯಲ್ಲಿ. ಮೊದಲು ಮಾವನವರ ಕಾಲದಲ್ಲಿ ಗೋಡೌನಿಗೊಂದು ಲೆಕ್ಕ, ಬಾಯಿಗೊಂದು ಲೆಕ್ಕ ಇತ್ತಂತೆ. ತಾನು ಬಂದ ಮೇಲೆ ಎಲ್ಲ ಸಿಸ್ಟಮ್ಮಿಗೆ ಬಂತಂತೆ. ಸಿಸ್ಟಮ್ ಎಂಬ ಮಾತನ್ನು ಅವನು ದೇವರ ಹೆಸರಿನಂತೆ ಕಣ್ಣು ಅರೆಮುಚ್ಚಿ ಹೇಳುತ್ತಿದ್ದ.

ಪಾಪ, ಸಾಫ್ಟ್‌ವೇರಿನದೇನೂ ತಪ್ಪಿರಲಿಲ್ಲ. ಅದು ತನ್ನೊಳಗೆ ತುಂಬಿದ್ದನ್ನು ತುಂಬಿದ ಹಾಗೇ ವಾಪಸು ಹೇಳುತ್ತದೆ. ತುಂಬಿದವನು ಬೊಗಳೆದಾಸನಾದರೆ ಅದಕ್ಕೇನು ಗೊತ್ತು?

ಯಜಮಾನ ಅಳಿಯನ ಒಂದೊಂದು ಮಾತಿಗೂ ತಲೆಯಾಡಿಸುತ್ತಿದ್ದ. ಆ ಮನುಷ್ಯನಿಗೆ ಮೂರು ಗೋಡೌನಿದ್ದವು, ಸ್ವಂತ ಅಭಿಪ್ರಾಯ ಒಂದೂ ಇರಲಿಲ್ಲ. ಹೆಂಡತಿಯ ತಮ್ಮನ ವಿಷಯ ಬಂದರೆ ಮಾತ್ರ ನಾಲಿಗೆ ಉದ್ದವಾಗುತ್ತಿತ್ತು. "ಮೊದ್ಲಿಂದ್ಲೂ ನನಗೆ ಅವನ ಮೇಲೆ ನಂಬಿಕೆ ಇಲ್ಲ. ಅದಕ್ಕೇ ಈ ಒಂದು ಗೋಡೌನು ಬಿಟ್ಟು ಉಳಿದೆರಡರೊಳಗೆ ಅವನನ್ನ ಕಾಲಿಡೋಕೂ ಬಿಟ್ಟಿಲ್ಲ. ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತೆ, ನೋಡಿ" ಎಂದು ಅಂಗಿ ಎತ್ತಿ ತೋರಿಸಿಯೂ ಬಿಟ್ಟಿದ್ದ. ಅದರಲ್ಲಿ ಅವನಿಗೆ ಎಂಥದೋ ಹೆಮ್ಮೆ.

ಅಲ್ಲಿದ್ದವರಲ್ಲಿ ಸರ್ವೇಯರಮ್ಮನಿಗೆ ಮರ್ಯಾದೆ ಇದ್ದದ್ದು ಒಬ್ಬರ ಮೇಲೆ ಮಾತ್ರ. ಅದು ಕ್ಯಾಬಿನ್ ಬಾಗಿಲಲ್ಲಿ ಚಹಾದ ಫ್ಲಾಸ್ಕ್ ಹಿಡಿದು ನಿಂತಿದ್ದ ಯಜಮಾನತಿ. ಗಂಡನಿಗೆ ಗೊತ್ತಾಗದ ಹಾಗೆ ಇವರ ಮನೆ ಹುಡುಕಿಕೊಂಡು ಬಂದು, ತಮ್ಮನನ್ನು ಉಳಿಸಿಕೊಡಿ ಎಂದು ಕೇಳಿದವರು ಅವರೇ. ಬಂದಿರುವುದು ವಿಮೆ ಕಡೆಯ ಸರ್ವೇಯರೇ ಎಂದು ಗಂಡನೂ ಅಳಿಯನೂ ನಂಬಿದ್ದರು. ಅತ್ತಿರಲಿಲ್ಲ, ಕೈ ಮುಗಿದಿರಲಿಲ್ಲ, ಎದುರು ಕೂತು ನೆಟ್ಟಗೆ ಮಾತಾಡಿದ್ದರು. ಆ ಮನೆಯಲ್ಲಿ ತಲೆಯೊಳಗೆ ಏನಾದರೂ ಇಟ್ಟುಕೊಂಡಿರುವ ಜೀವ ಇದೊಂದೇ ಎಂದು ಸರ್ವೇಯರಮ್ಮ ಅವತ್ತೇ ತೀರ್ಮಾನ ಮಾಡಿದ್ದರು.

"ಸರಿ" ಎಂದರು ಸರ್ವೇಯರಮ್ಮ. "ಒಂದು ಗೋಡೌನಿಂದ ಇನ್ನೊಂದಕ್ಕೆ ಮಾಲು ಕಳಿಸಿದ್ರೆ ಇದರಲ್ಲಿ ಬರುತ್ತಲ್ಲ? ಈ ವರ್ಷದ್ದು ಎಲ್ಲಾ ತೆಗೀರಿ."

ಅಳಿಯನ ಬೆರಳು ಒಂದು ಗಳಿಗೆ ತಡವರಿಸಿತು. ಆಮೇಲೆ ಒತ್ತಿತು.

ಪರದೆ ಬಹುಮಟ್ಟಿಗೆ ಖಾಲಿ. ವರ್ಷವಿಡೀ ಒಂದು ಡ್ರಿಲ್ ಮೆಷೀನೂ ಇದ್ದ ಜಾಗ ಬಿಟ್ಟು ಕದಲಿರಲಿಲ್ಲ. ಕೊನೆಗೆ, ಕಳೆದ ವಾರದ ಒಂದೇ ಒಂದು ದಿನ, ಅಂಗಡಿ ಹಿಂದಿನ ಗೋಡೌನಿನದೂ ಸ್ಟೇಷನ್ ರಸ್ತೆಯ ಗೋಡೌನಿನದೂ ಅಷ್ಟೂ ಮೆಷೀನುಗಳು ಒಟ್ಟಿಗೆ ಎದ್ದು ಈ ಮಿಲ್ ಗೋಡೌನಿಗೆ ಬಂದುಬಿಟ್ಟಿದ್ದವು. ಸ್ಕ್ರೀನಿನ ಪ್ರಕಾರ ಆ ಎರಡು ಕಡೆ ಈಗ ಸೊನ್ನೆ. ಇರುವುದೆಲ್ಲ ಇಲ್ಲೇ, ತಮ್ಮನ ವಶದಲ್ಲಿ. ಆದರೆ ಕಣ್ಣೆದುರು ಇದ್ದದ್ದು ಅದರಲ್ಲಿ ಮೂರನೇ ಒಂದು ಪಾಲು ಮಾತ್ರ. ಉಳಿದದ್ದನ್ನು ನುಂಗಿದವನು ಯಾರು ಎಂದರೆ ಸ್ಟೂಲಿನ ಮೇಲೆ ಕೂತವನು.

"ನನ್ನ ಅಡುಗೆಮನೇಲಿ ಸಕ್ಕರೆ ಡಬ್ಬ ಕೂಡ ವಾರಕ್ಕೊಂದು ಸಲ ಜಾಗ ಬದಲಾಯಿಸುತ್ತೆ" ಎಂದರು ಸರ್ವೇಯರಮ್ಮ. "ನಿಮ್ಮ ಮಾಲು ಬಹಳ ಸಂಭಾವಿತ. ವರ್ಷ ಪೂರ್ತಿ ಕೂತ ಕಡೆ ಕೂತಿತ್ತು. ಬ್ಯಾಂಕಿನವರು ಈ ಸಲ ಮೂರೂ ಕಡೆ ಒಂದೇ ದಿನ ಎಣಿಸ್ತೀವಿ ಅಂತ ಹೇಳಿದ ಮಾರನೇ ದಿನ ಎದ್ದು ಓಡಿ ಬಂತು."

ಅಳಿಯ ನಕ್ಕ. ಎಣಿಸೋರಿಗೆ ಅನುಕೂಲ ಆಗಲಿ ಅಂತ ಎಲ್ಲ ಒಂದೇ ಕಡೆ ಸೇರಿಸಿದ್ದು, ಅದನ್ನೇ ಇನ್ವೆಂಟರಿ ಮ್ಯಾನೇಜ್‌ಮೆಂಟ್ ಅನ್ನೋದು, ಎಂದು ತಿಳಿಹೇಳಿದ.

ಹೊತ್ತವರು ಯಾರು ಎಂದು ಕೇಳಿದರು. ಹಮಾಲರು ಎಂದ. ಹಮಾಲರನ್ನು ಸರ್ವೇಯರಮ್ಮ ನಿನ್ನೆಯೇ ಮಾತಾಡಿಸಿಯಾಗಿತ್ತು. ಆ ದಿನವೆಲ್ಲ ಅವರು ಅಂಗಡಿ ಮುಂದೆ ತಂತಿ ಸುರುಳಿ ಇಳಿಸುತ್ತಿದ್ದರು, ಒಂದು ಡ್ರಿಲ್ ಪೆಟ್ಟಿಗೆಯನ್ನೂ ಮುಟ್ಟಿರಲಿಲ್ಲ. ಅದನ್ನು ಹೇಳಿದ್ದೇ ಅಳಿಯ ಹಮಾಲರನ್ನು ಕೈಬಿಟ್ಟ. ಹೊರಗಿನ ಗಾಡಿ ಕರೆಸಿದ್ದೆವು ಎಂದ. ಯಾರ ಗಾಡಿ ಎಂದರೆ ನೆನಪಿಲ್ಲ ಎಂದ. ಬೆರಳ ತುದಿಯಲ್ಲಿ ಎಲ್ಲವನ್ನೂ ಇಟ್ಟುಕೊಂಡವನಿಗೆ ಒಂದು ಗಾಡಿ ನೆನಪಿರಲಿಲ್ಲ.

"ನಿಮ್ಮನ್ನ ಇಲ್ಲಿಗೆ ಕರೆಸಿದ್ದು ಯಾರೋ ನನಗೆ ಗೊತ್ತಿಲ್ಲ ಮೇಡಂ" ಎಂದ ಆಮೇಲೆ, ಸ್ವಲ್ಪ ಗಡುಸಾಗಿ. "ಸಿಸ್ಟಮ್ ಸುಳ್ಳು ಹೇಳಲ್ಲ."

"ಪೆಟ್ಟಿಗೇನೂ ಹೇಳಲ್ಲ. ಬನ್ನಿ ಹೊರಗೆ."

ಎಲ್ಲರೂ ಎದ್ದರು. ಯಜಮಾನ ಎದ್ದದ್ದು ಅಳಿಯ ಎದ್ದ ಮೇಲೆ.

ಸರ್ವೇಯರಮ್ಮನಿಗೆ ಈ ಗಳಿಗೆ ಇಷ್ಟ. ಎಷ್ಟೋ ಜನ ಜಂಬದವರ ಬೆವರಿಳಿಸಿದ ಅಭ್ಯಾಸ ಅದು. ತಾವು ಕಂಡುಕೊಂಡದ್ದನ್ನು ಬೆಳಿಗ್ಗೆಯೇ ಯಜಮಾನತಿಯ ಕಿವಿಗೆ ಹಾಕಿ ಸಮಾಧಾನ ಮಾಡಬಹುದಿತ್ತು. ಹಾಕಲಿಲ್ಲ. ಎಲ್ಲರೆದುರಿಗೆ ಈ ಅಳಿಯನ ಬಣ್ಣ ಬಯಲು ಮಾಡುವ ಸುಖವನ್ನು ಅವರು ಯಾರ ಜೊತೆಗೂ ಹಂಚಿಕೊಳ್ಳಲು ತಯಾರಿರಲಿಲ್ಲ.

ಡ್ರಿಲ್ ಮೆಷೀನಿನ ಸಾಲಿನ ಮುಂದೆ ನಿಂತರು. ಪ್ರತಿ ಪೆಟ್ಟಿಗೆಯ ಮುಖದ ಮೇಲೂ ಕೆಂಪು ಸೀಮೆಸುಣ್ಣದ ಒಂದು ಗುರುತು. ಅದು ಈ ಸಂಸ್ಥೆಯಲ್ಲಿ ಮೊದಲಿನಿಂದ ನಡೆದುಬಂದ ಪದ್ಧತಿ. ಬ್ಯಾಂಕಿನವರು ಮಾಲಿನ ಮೇಲೆ ಸಾಲ ಕೊಟ್ಟವರು, ಆಗಾಗ ಬಂದು ಎಣಿಸುತ್ತಾರೆ. ಎಣಿಸಿದ ಪೆಟ್ಟಿಗೆಯನ್ನೇ ಮತ್ತೆ ಎಣಿಸದಿರಲಿ ಎಂದು ಸಂಸ್ಥೆಯ ಕಡೆಯವರು ಜೊತೆಗೇ ಗುರುತು ಹಾಕುತ್ತ ಹೋಗುತ್ತಾರೆ. ಅಂಗಡಿ ಹಿಂದಿನ ಗೋಡೌನಿಗೆ ಬಿಳಿ, ಸ್ಟೇಷನ್ ರಸ್ತೆಯದಕ್ಕೆ ನೀಲಿ, ಮಿಲ್ಲಿನದಕ್ಕೆ ಕೆಂಪು.

"ಇಲ್ಲಿ ನೋಡಿ" ಎಂದರು. ಕೆಂಪು ಗುರುತಿನ ಕೆಳಗೆ ಪೆಟ್ಟಿಗೆಯ ರಟ್ಟು ಅಂಗೈಯಗಲ ಮಾಸಿತ್ತು. ಒದ್ದೆ ಬಟ್ಟೆಯಿಂದ ಉಜ್ಜಿದಂತೆ ನೂಲು ಎದ್ದಿತ್ತು. ಪಕ್ಕದ ಪೆಟ್ಟಿಗೆಯದೂ ಹಾಗೇ, ಅದರ ಪಕ್ಕದ್ದೂ ಹಾಗೇ. "ಇಷ್ಟು ಮುಖ ತೊಳೆದು ಯಾರು ಮೆರವಣಿಗೆಗೆ ಕಳಿಸ್ತಿದ್ರು ಇವನ್ನ?"

ಧೂಳು ಒರೆಸಿದ್ದು ಎಂದ ಅಳಿಯ. ಬೇರೆ ಪೆಟ್ಟಿಗೆಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು.

ಸರ್ವೇಯರಮ್ಮ ಒಂದು ಪೆಟ್ಟಿಗೆಯ ಅಂಚಿಗೆ ಕೈ ಹಾಕಿದರು.

"ಅದನ್ನ ತಿರುಗಿಸ್ಬೇಡಿ."

ದನಿ ಬಂದದ್ದು ಸ್ಟೂಲಿನ ಕಡೆಯಿಂದ. ಎರಡು ದಿನದಲ್ಲಿ ತಮ್ಮ ಆಡಿದ ಮೊದಲ ಮಾತು ಅದು. ಅವನು ಎದ್ದು ನಿಂತಿದ್ದ. "ಅಮ್ಮಾ, ಬೇಡ. ದಯವಿಟ್ಟು ಹಾಗೇ ಇಟ್ಬಿಡಿ" ಎಂದ ಮೆಲ್ಲಗೆ.

ಸರ್ವೇಯರಮ್ಮ ಅವನ ಕಡೆ ತಿರುಗಿಯೂ ನೋಡಲಿಲ್ಲ. ಬಾಯಿ ಬಿಡಬೇಕಾದಾಗ ಬಿಡದವನು ಈಗ ಬಿಟ್ಟು ಅಡ್ಡ ಬರುತ್ತಾನಲ್ಲ ಎಂದು ಕಿರಿಕಿರಿಯಾಯಿತು ಅಷ್ಟೇ.

ಅವರ ಕಿವಿಯಲ್ಲಿದ್ದದ್ದು ಯಜಮಾನತಿ ಮೊದಲ ದಿನ ಹೇಳಿದ ಮಾತು. ಅವರ ಅಪ್ಪನಿಗೂ ಒಂದು ಮಳಿಗೆ ಇತ್ತು. ಅಕ್ಕತಮ್ಮ ಇಬ್ಬರೂ ಪೆಟ್ಟಿಗೆಗಳ ನಡುವೆಯೇ ಬೆಳೆದವರು. ಅಪ್ಪ ಎಣಿಸುವಾಗ ಪ್ರತಿ ಪೆಟ್ಟಿಗೆಯನ್ನೂ ಎತ್ತಿ ವಾಲಿಸಿ ನೋಡುತ್ತಿದ್ದರಂತೆ, ಒಳಗೆ ಮಾಲಿದೆಯೋ ಬರೀ ಗಾಳಿಯಿದೆಯೋ ಎಂದು. ವಾಲಿಸಿದಾಗಲೇ ತಳದಲ್ಲಿ ಒಂದು ಗೆರೆ ಎಳೆದುಬಿಡುತ್ತಿದ್ದರಂತೆ. ಮುಖದ ಗುರುತು ಊರಿಗೆ, ತಳದ ಗೆರೆ ನಮಗೆ ಎನ್ನುತ್ತಿದ್ದರಂತೆ. ಆ ಅಭ್ಯಾಸ ಕೈಗೆ ಹತ್ತಿಬಿಟ್ಟಿದೆ, ಬಿಡು ಅಂದರೂ ಬಿಡುವುದಿಲ್ಲ, ಅಂಥ ಎಣಿಕೆಯವನು ಕಳ್ಳನಾಗಲು ಸಾಧ್ಯವೇ ಎಂದು ಯಜಮಾನತಿ ಕೇಳಿದ್ದರು.

ಪೆಟ್ಟಿಗೆಯನ್ನು ಎತ್ತಿ ಮಗುಚಿದರು.

ತಳದಲ್ಲಿ ಮೂರು ಗೆರೆ. ಬಿಳಿ, ಅದರ ಪಕ್ಕ ನೀಲಿ, ಅದರ ಪಕ್ಕ ಕೆಂಪು. ಮೂರೂ ಒಂದೇ ಅಳತೆ, ಒಂದೇ ಓರೆ, ಒಂದೇ ಮೂಲೆ.

ಇನ್ನೊಂದು ಮಗುಚಿದರು. ಮೂರು ಗೆರೆ. ಮತ್ತೊಂದು. ಮೂರು ಗೆರೆ. ಅಳಿಯನ ಮುಖದ ಮೇಲಿನ ಕರುಣೆ ಎಲ್ಲಿ ಹೋಯಿತೋ, ಹುಡುಕಿದರೂ ಸಿಗುವಂತಿರಲಿಲ್ಲ. ಮುಖ ಉಜ್ಜಿಸುವಾಗ ತಳ ನೋಡಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ತಳ ನೋಡಲು ಬಗ್ಗಬೇಕು, ಅವನು ಬಗ್ಗುವ ಪೈಕಿ ಅಲ್ಲ.

"ಕಳ್ಳತನ ಆಗಿಲ್ಲ" ಎಂದರು ಸರ್ವೇಯರಮ್ಮ. ದನಿ ಏರಿಸಲಿಲ್ಲ, ಅದರ ಅಗತ್ಯವಿರಲಿಲ್ಲ. "ಕದಿಯೋಕೆ ಮಾಲಿದ್ರೆ ತಾನೆ? ಇರೋದೇ ಇಷ್ಟು ಪೆಟ್ಟಿಗೆ. ಬ್ಯಾಂಕಿನವರು ಕಳೆದ ಸಲ ಮೊದಲು ಅಂಗಡಿ ಹಿಂದೆ ಬಂದಾಗ ಇವೇ ಅಲ್ಲಿದ್ವು, ಬಿಳಿ ಗೆರೆ ಬಿತ್ತು. ಅವರು ಸ್ಟೇಷನ್ ರಸ್ತೆಗೆ ಹೋಗೋ ಮೊದಲು ಇವೇ ಮುಖ ತೊಳ್ಕೊಂಡು ಅಲ್ಲಿಗೆ ಹೋದ್ವು, ನೀಲಿ ಬಿತ್ತು. ಆಮೇಲೆ ಇಲ್ಲಿಗೆ ಬಂದ್ವು, ಕೆಂಪು ಬಿತ್ತು. ನಿಮ್ಮ ಸಿಸ್ಟಮ್‌ನಲ್ಲಿ ಒಂದೊಂದು ಪೆಟ್ಟಿಗೆ ಮೂರು ಪೆಟ್ಟಿಗೆ ಆಯ್ತು. ಬಾರದೇ ಇರೋ ಮಾಲಿಗೆ ಬಂದಿದೆ ಅಂತ ಬರ್ಕೊಂಡಿದ್ದೂ ನೀವೇ, ಅದು ಕಾಣೆ ಆಗಿದೆ ಅಂತ ಅತ್ತಿದ್ದೂ ನೀವೇ. ಒಂದೇ ದಿನ ಎಣಿಸ್ತೀವಿ ಅಂದಾಗ ಇಲ್ಲದ ಮಾಲನ್ನೆಲ್ಲ ಸ್ಕ್ರೀನಲ್ಲೇ ಹೊತ್ತು ತಂದು ಈ ತಮ್ಮನ ತಲೆಗೆ ಕಟ್ಟಿದ್ರಿ."

ಯಜಮಾನ ಇಂಗು ತಿಂದ ಮಂಗನಂತೆ ನಿಂತಿದ್ದ. ಏನೂ ಗೊತ್ತಿಲ್ಲದವನ ಮುಖ ಮಾಡಲು ನೋಡಿದ, ಅದೂ ಬರಲಿಲ್ಲ. ಕೈ ಮಾತ್ರ ಜೇಬಿನ ಮೇಲೆ, ದೂರಿನ ಕಾಗದದ ಮೇಲೆ ಹೋಗಿ ಕೂತಿತು.

ಥೂ, ಇಂಥವರಿಗೊಂದು ವ್ಯಾಪಾರ ಎಂದುಕೊಂಡು ಸರ್ವೇಯರಮ್ಮ ಕೈಗೆ ಹತ್ತಿದ್ದ ಸೀಮೆಸುಣ್ಣ ಕೊಡವಿಕೊಂಡರು. ಆಗ ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

ಬ್ಯಾಂಕಿನ ಅಧಿಕಾರಿ. ಊಟ ಮುಗಿಸಿ ಬರುತ್ತೇನೆಂದವರು ಊಟಕ್ಕೆ ಮೊದಲೇ ಬಂದಿದ್ದರು. ದೊಡ್ಡ ಬಾಗಿಲ ಹತ್ತಿರ ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೈಯಲ್ಲಿ ಹಾಳೆ ಸಿಕ್ಕಿಸಿದ ಹಲಗೆ, ಕಿವಿಯ ಹಿಂದೆ ಪೆನ್ನು.

ಅವರು ಯಾರ ಕಡೆಗೂ ನೋಡದೆ ನೇರ ಬಂದು ಪೆಟ್ಟಿಗೆಯ ಮುಂದೆ ಮೊಣಕಾಲೂರಿ ಕೂತರು. ಮೂರು ಗೆರೆಗಳ ಮೇಲೂ ಬೆರಳಾಡಿಸಿದರು. ಅಳಿಯ ಸಾರ್ ಸಾರ್ ಎಂದು ಹಲ್ಲು ಕಿರಿಯುತ್ತ ಕುರ್ಚಿ ತರಿಸಲು ಹೊರಟ. ಕುರ್ಚಿ ಬೇಡ ಎಂದರು.

"ಮಾಲು ತಿರುಗಿಸಿದ್ದು ಯಾರು, ಸ್ಕ್ರೀನಲ್ಲಿ ಬರೆದಿದ್ದು ಯಾರು, ಅದನ್ನ ಆಮೇಲೆ ನೋಡ್ತೀನಿ" ಎಂದರು ಅಧಿಕಾರಿ. "ಇದು ಬೇರೆ. ಬಿಳಿ ಗೆರೆ ಎಳೆದ ಕೈಯೇ ನೀಲಿ ಗೆರೇನೂ ಎಳೆದಿದೆ. ನೀಲಿ ಎಳೆಯೋವಾಗ ಪಕ್ಕದಲ್ಲೇ ಬಿಳಿ ಇತ್ತು. ಅಂದ್ರೆ ಒಂದೇ ಪೆಟ್ಟಿಗೇನ ಎರಡನೇ ಸಲ ಎಣಿಸ್ತಿದ್ದೀನಿ ಅಂತ ಗೊತ್ತಿದ್ದೇ ನಮ್ಮವರ ಪಕ್ಕ ನಿಂತು ಎಣಿಸಿದ್ದಾರೆ. ಕೆಂಪು ಎಳೆದವರಿಗೆ ಮಾಲು ಬೇರೆ ಗೋಡೌನಿಂದ ಬಂದಿದೆ ಅಂತಷ್ಟೇ ಗೊತ್ತಿರಬಹುದು. ಬ್ಯಾಂಕಿಗೆ ಟೋಪಿ ಹಾಕಿದ್ದಕ್ಕೆ ಮೊದಲು ಒಳಗೆ ಹೋಗೋದು ಆ ಕೈ. ಯಾರದು?"

ಸರ್ವೇಯರಮ್ಮ ಇನ್ನೊಮ್ಮೆ ತಳದ ಕಡೆ ಬಗ್ಗಿದರು. ಮೂರು ಗೆರೆ ನೋಡಿದ್ದರು. ಎಳೆದವರು ಯಾರೆಂದು ಕೇಳಿಕೊಂಡಿರಲಿಲ್ಲ. ತಳದಲ್ಲಿ ಗೆರೆ ಎಂದರೆ ತಮ್ಮ ಎಂದುಕೊಂಡು ಮುಂದೆ ಹೋಗಿಬಿಟ್ಟಿದ್ದರು. ಕೆಂಪು ಗೆರೆ ಅವನದು, ಸರಿ. ಆದರೆ ಉಳಿದೆರಡು ಗೋಡೌನಿನೊಳಗೆ ಅವನು ಕಾಲೇ ಇಟ್ಟಿರಲಿಲ್ಲ.

ಅಪ್ಪನ ಮಳಿಗೆಯಲ್ಲಿ ಬೆಳೆದದ್ದು ಇಬ್ಬರು.

ಅವರು ಮೆಲ್ಲಗೆ ಬಾಗಿಲ ಕಡೆ ನೋಡಿದರು. ಯಜಮಾನತಿ ಫ್ಲಾಸ್ಕನ್ನು ನೆಲದ ಮೇಲೆ ಇಡುತ್ತಿದ್ದರು. ಅದು ಉರುಳದಂತೆ ಗೋಡೆಗೆ ಒರಗಿಸಿ ಇಡುತ್ತಿದ್ದರು.

ಎಲ್ಲ ಒಟ್ಟಿಗೆ ಅರ್ಥವಾಯಿತು. ಕೆಂಪು ಗೆರೆ ಎಳೆಯಲು ಪೆಟ್ಟಿಗೆ ಎತ್ತಿದ ದಿನವೇ ಉಳಿದೆರಡು ಗೆರೆಯನ್ನೂ ತಮ್ಮ ನೋಡಿದ್ದ. ಅದು ಯಾರ ಕೈ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವತ್ತಿನಿಂದ ಬಾಯಿ ಹೊಲಿದುಕೊಂಡಿದ್ದ. ಅದನ್ನು ಪೆದ್ದತನ ಎಂದು ಓದಿದ ಪೆದ್ದಿ ಯಾರು? ಈ ಮನೆಯವರನ್ನೆಲ್ಲ ಕಾಲ ಕಸದಂತೆ ಕಂಡುಕೊಂಡು ಬಂದಿದ್ದ ಸರ್ವೇಯರಮ್ಮನಿಗೆ ಮೊದಲ ಸಲ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

"ನಾನು" ಎಂದ ತಮ್ಮ. ಎರಡು ಹೆಜ್ಜೆ ಮುಂದೆ ಬಂದ. "ಮೂರೂ ನಂದೇ ಸಾರ್. ಬರ್ಕೊಳ್ಳಿ."

"ಅವನಲ್ಲ, ನಾನು" ಎಂದರು ಯಜಮಾನತಿ.

"ಅಕ್ಕಾ, ಸುಮ್ನಿರು."

"ನೀನು ಸುಮ್ನಿರೋ. ಎರಡು ಗೋಡೌನಲ್ಲಿ ಎಣಿಸಿದ್ದು ನಾನು. ಇವರು ಎಣಿಸು ಅಂದ್ರು, ಎಣಿಸಿದೆ. ಕೈ ಸುಮ್ನಿರಲಿಲ್ಲ, ತಳಕ್ಕೂ ಹೋಯ್ತು." ಇವರು ಎನ್ನುವಾಗ ಅವರು ಗಂಡನ ಕಡೆ ನೋಡಲೂ ಇಲ್ಲ.

ಅಧಿಕಾರಿ ಎದ್ದು ನಿಂತು ಇಬ್ಬರನ್ನೂ ನೋಡಿದರು. ಇಬ್ಬರಲ್ಲೊಬ್ಬರು ಸುಳ್ಳು ಹೇಳುತ್ತಿದ್ದೀರಿ ಎಂದರು. ಆ ಎರಡು ಗೋಡೌನಿಗೆ ಯಾರು ಹೋಗುತ್ತಿದ್ದರು, ಕೀಲಿ ಯಾರ ಹತ್ತಿರ ಇತ್ತು ಎಂದು ಯಜಮಾನನನ್ನು ಕೇಳಿದರು.

ಯಜಮಾನ ಅಳಿಯನ ಕಡೆ ನೋಡಿದ. ಅಳಿಯ ಕಣ್ಣಲ್ಲೇ ಏನೋ ಹೇಳಿದ.

"ಇವನ ಹತ್ರಾನೇ ಇತ್ತು ಸಾರ್" ಎಂದ ಯಜಮಾನ, ಹೆಂಡತಿಯ ತಮ್ಮನನ್ನು ತೋರಿಸಿ. "ಮೂರರದ್ದೂ. ಮನೆಯವನು ಅಂತ ನಂಬಿಬಿಟ್ಟೆ." ಹೇಳುತ್ತಲೇ ಅಂಗಿಯ ತುದಿಯನ್ನು ಕೆಳಗೆಳೆದು ಸೊಂಟ ಮುಚ್ಚಿಕೊಂಡ.

ತಮ್ಮ ಹೌದು ಎಂದು ತಲೆಯಾಡಿಸಿದ. ಹೆಗಲಿನ ಭಾರ ಇಳಿದವನಂತೆ ಒಂದು ಉಸಿರು ಬಿಟ್ಟ.

ಅಧಿಕಾರಿ ಕಿವಿಯ ಹಿಂದಿನ ಪೆನ್ನು ತೆಗೆದುಕೊಂಡು ಸರ್ವೇಯರಮ್ಮನ ಕಡೆ ತಿರುಗಿದರು. "ನೀವು ಹೊರಗಿನವರು. ಇವರಲ್ಲಿ ಯಾರ ಮುಲಾಜೂ ನಿಮಗಿಲ್ಲ. ನೀವು ಹೇಳಿದ್ದನ್ನೇ ಬರ್ಕೋತೀನಿ. ಯಾರ ಕೈ ಇದು?"

ಸೊಂಟದ ಆ ಕೀಲಿ ಗೊಂಚಲನ್ನು ಸರ್ವೇಯರಮ್ಮ ಕಣ್ಣಾರೆ ನೋಡಿದ್ದರು. ಒಂದು ಮಾತು ಹೇಳಿದರೆ ಈ ತಮ್ಮ ಬಿಡುಗಡೆಯಾಗಿ ಮನೆಗೆ ಹೋಗುತ್ತಾನೆ, ಅಕ್ಕ ಒಳಗೆ ಹೋಗುತ್ತಾಳೆ. ಹೇಳದಿದ್ದರೆ ಅಕ್ಕ ಮನೆಗೆ. ಯಾವ ಕಡೆಯಿಂದ ನೋಡಿದರೂ ಅಳಿಯನೂ ಮಾವನೂ ಹಿಂದಿನ ಸಾಲಿನಲ್ಲೇ ನಿಂತಿರುತ್ತಾರೆ.

ಯಜಮಾನತಿ ಹತ್ತಿರ ಬಂದು ಅವರ ಮುಂಗೈ ಹಿಡಿದುಕೊಂಡರು.

"ನಿಮ್ಮನ್ನ ನಾನು ಕರೆಸಿದ್ದು ಇವನನ್ನ ಬಿಡಿಸೋಕೆ" ಎಂದರು. "ತಳದ ಗೆರೆ ವಿಷಯ ಬಾಯಿ ತಪ್ಪಿ ಹೇಳಿದ್ದಲ್ಲ. ಬಿಡಿಸಿ."